ಮಣ್ಣುದಾರಿಯ ಮೋಟಾರ್ ಸೈಕಲ್

ಮನೆಯ ಮಗನೋ ಮಗಳೋ ಒಂದು ರಾತ್ರಿ ಊಟದ ಹೊತ್ತಿನಲ್ಲಿ ತನಗೊಂದು ಡರ್ಟ್ ಬೈಕ್ ಬೇಕೆಂದು ಕೇಳಿದರೆ ಹಿರಿಯರ ತುತ್ತು ಗಂಟಲಲ್ಲೇ ನಿಲ್ಲುವುದು ಸಹಜ. ರಸ್ತೆಯ ಮೇಲಿನ ವಾಹನಗಳ ಭಯವೇ ಸಾಕಷ್ಟಿರುವಾಗ, ರಸ್ತೆಯೇ ಇಲ್ಲದ ಕಡೆ ಓಡುವುದಕ್ಕೆಂದು ಹುಟ್ಟಿದ ಬಂಡಿಯನ್ನು ಕಾಸು ಕೊಟ್ಟು ಮನೆಗೆ ತರುವುದೇ? ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಬೇಡವೆಂದ ಮಾತ್ರಕ್ಕೆ ಆಸೆ ಸಾಯುವುದಿಲ್ಲ. ಅದು ಗೆಳೆಯನ ಬಂಡಿಯ ಮೇಲೆ, ಹೆಲ್ಮೆಟ್ ಇಲ್ಲದೆ, ಊರಾಚೆಯ ಯಾವುದೋ ಕಲ್ಲುಗಣಿಯಲ್ಲಿ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಆದಕಾರಣ ಬೇಕೆ ಬೇಡವೆ ಎಂಬ ತರ್ಕಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ತೆಗೆದುಕೊಳ್ಳುವುದೇ ಆದರೆ ಹೊಸಬನಿಗೆ ಎಂಥದು ತಕ್ಕದು, ತಂದ ಮೇಲೆ ಅದನ್ನು ಬಾಳಿಸುವುದು ಹೇಗೆ ಎಂಬುದಷ್ಟೇ ಇಂದಿನ ಮಾತು.

ಈ ಬಂಡಿಯ ಕುಲ ತೀರ ಹಳೆಯದೇನಲ್ಲ. 1924ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿ ಎಂಬಲ್ಲಿ ಕೆಲವರು ಕಾಡುಗುಡ್ಡಗಳ ನಡುವೆ ಮೋಟಾರ್ ಸೈಕಲುಗಳ ಪಂದ್ಯವೊಂದನ್ನು ನಡೆಸಿದರು. ಅಂಥ ಪಂದ್ಯಕ್ಕೆ ಅವರು ಸ್ಕ್ರಾಂಬಲ್ ಎಂದು ಹೆಸರಿಟ್ಟರು. ಯೂರೋಪಿನ ಮುಖ್ಯಭೂಮಿಗೆ ಹೋದಾಗ ಅದೇ ಆಟ ಮೋಟೋಕ್ರಾಸ್ ಎನಿಸಿತು. ಮೊದಮೊದಲು ಓಡುತ್ತಿದ್ದುದು ರಸ್ತೆಯ ಭಾರವಾದ ಬಂಡಿಗಳೇ. 1960ರ ದಶಕದಲ್ಲಿ ಜೆಕೊಸ್ಲೊವಾಕಿಯದ ಸೀಜೆಡ್ ಮುಂತಾದ ಹಗುರವಾದ ಟೂ ಸ್ಟ್ರೋಕ್ ಬಂಡಿಗಳು ಬಂದು ಆಟದ ಸ್ವರೂಪವನ್ನೇ ಬದಲಿಸಿದವು. ಬೆಲ್ಜಿಯಮ್ಮಿನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ವರ್ಗದ ವಿಶ್ವವಿಜೇತನಾದದ್ದು ಅಂಥದೊಂದು ಸೀಜೆಡ್ ಮೇಲೆ. ಅದೇ ಜೆಕೊಸ್ಲೊವಾಕಿಯದ ಇನ್ನೊಂದು ಹೆಸರು ಜಾವಾ. ಅದು 1961ರಿಂದ ನಮ್ಮ ಮೈಸೂರಿನಲ್ಲೇ ತಯಾರಾಗಿ, 1973ರಿಂದ ಯೆಜ್ದಿಯೆಂಬ ಹೆಸರನ್ನು ಹೊತ್ತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೆ ಓಡಿತು. ಪೆಟ್ರೋಲ್ ಬಂಕಿನಲ್ಲಿ ನಿಂತು ಎಣ್ಣೆ ಬೆರೆಸಿಸಿಕೊಂಡ, ಆ ನೀಲಿ ಹೊಗೆಯ ವಾಸನೆಯನ್ನು ಇಂದಿಗೂ ಮೂಗಿನಲ್ಲಿಟ್ಟುಕೊಂಡಿರುವ ಮೈಸೂರಿಗರಿಗೆ ನಾನು ಮುಂದೆ ಹೇಳುವ ಕೆಲವು ಮಾತುಗಳು ಅಪರಿಚಿತವಾಗಿ ತೋರಲಾರವು.

ಡರ್ಟ್ ಬೈಕ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳಿವೆ ಎಂಬುದನ್ನು ಮೊದಲು ತಿಳಿಯಬೇಕು. ಮೊದಲನೆಯದು ಮೋಟೋಕ್ರಾಸ್ ಬಂಡಿ. ಇದು ಕಟ್ಟಿದ ಮಣ್ಣಿನ ಅಂಕಣದಲ್ಲಿ ದಿಬ್ಬದಿಂದ ದಿಬ್ಬಕ್ಕೆ ಹಾರುತ್ತ ಪಂದ್ಯವಾಡುವುದಕ್ಕೆ ಹುಟ್ಟಿದ್ದು. ಇದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಎರಡನೆಯದು ಟ್ರೇಲ್ ಬಂಡಿ. ನೋಡುವುದಕ್ಕೆ ಮೊದಲನೆಯದರ ತಮ್ಮನಂತಿದ್ದರೂ ಸ್ವಭಾವ ಸೌಮ್ಯ, ಎಂಜಿನ್ ಸರಳ. ಮೂರನೆಯದು ಮಣ್ಣಿಗೂ ಸಲ್ಲುವ, ರಸ್ತೆಗೂ ಸಲ್ಲುವ ಉಭಯಚರ. ದೀಪ, ಕನ್ನಡಿ, ನೋಂದಣಿ ಎಲ್ಲ ಇದ್ದು, ಉದ್ದನೆಯ ಸಸ್ಪೆನ್ಷನ್ನೂ ಮುಂದೆ 21 ಅಂಗುಲದ ದೊಡ್ಡ ಚಕ್ರವೂ ಇರುವ ಬಂಡಿ ಇದು. ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆಟುಕುವಂತೆ ಇಂಥದನ್ನು ಮಾಡುವ ಪ್ರಯತ್ನ 2011ರಲ್ಲಿ ಹೀರೋ ಇಂಪಲ್ಸ್ ಎಂಬುದರಿಂದ ನಡೆಯಿತು. ಅದು ಹೆಚ್ಚು ಕಾಲ ನಿಲ್ಲಲಿಲ್ಲ. 2019ರಲ್ಲಿ ಅದೇ ಸಂಸ್ಥೆಯ ಎಕ್ಸ್‌ಪಲ್ಸ್ 200 ಬಂದ ಮೇಲೆ ಮಾತ್ರ ಮಣ್ಣಿನ ಸವಾರಿ ನಮ್ಮ ಸಣ್ಣ ಊರುಗಳ ಹುಡುಗರಿಗೂ ನಿಜವಾಗಿ ದಕ್ಕಿತು.

ಹೊಸಬನ ಕಣ್ಣು ಹೋಗುವುದು ಸಾಮಾನ್ಯವಾಗಿ ಮೊದಲನೆಯ ಜಾತಿಯ ಮೇಲೆ. ಚಿತ್ರಗಳಲ್ಲಿ ಆಕಾಶಕ್ಕೆ ಹಾರುವುದು ಅದೇ ಅಲ್ಲವೆ! ಅಂಥದೊಂದರ ಲೆಕ್ಕವನ್ನು ಸ್ವಲ್ಪ ನೋಡಿ. ನಮ್ಮ ಬೀದಿಬೀದಿಯಲ್ಲಿ ಓಡುವ ಸ್ಪ್ಲೆಂಡರ್ ಬಂಡಿಯ ತೂಕ ಸುಮಾರು 112 ಕಿಲೋ, ಶಕ್ತಿ ಸುಮಾರು 8 ಕುದುರೆ. 450 ಸಿಸಿಯ ಮೋಟೋಕ್ರಾಸ್ ಬಂಡಿಯ ತೂಕವೂ ಹೆಚ್ಚುಕಡಿಮೆ ಅಷ್ಟೆ, ಆದರೆ ಶಕ್ತಿ 50 ಕುದುರೆಗೂ ಮೇಲೆ. ಸ್ಪ್ಲೆಂಡರಿನ ಹ್ಯಾಂಡಲಿನಲ್ಲಿ ಮಣಿಕಟ್ಟು ಸ್ವಲ್ಪ ಹೆಚ್ಚು ತಿರುಗಿದರೆ ಬಂಡಿ ಒಮ್ಮೆ ಗೊಣಗಿ ಮುಂದೆ ಹೋಗುತ್ತದೆ. ಇಲ್ಲಿ ಅಷ್ಟೇ ತಿರುಗಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಹೆದರಿದ ಸವಾರ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಬಿಗಿಯಾಗಿ ಹಿಡಿದಷ್ಟೂ ಅವನ ಮೈ ಹಿಂದಕ್ಕೆ ಜೋಲಿ ಮಣಿಕಟ್ಟು ಇನ್ನಷ್ಟು ತಿರುಗುತ್ತದೆ. ಮುಂದಿನದನ್ನು ನಾನು ವರ್ಣಿಸಬೇಕಾಗಿಲ್ಲ. ಇದರಲ್ಲಿ ಸವಾರನ ಧೈರ್ಯದ ಪ್ರಶ್ನೆಯೇ ಇಲ್ಲ. ಅಷ್ಟು ಶಕ್ತಿಯನ್ನು ಬೆರಳ ತುದಿಯಲ್ಲಿ ಅಳೆದು ಕೊಡುವ ಅಭ್ಯಾಸ ಕೈಗೆ ವರ್ಷಗಳ ಮೇಲೆ ಬರತಕ್ಕದ್ದು.

ಹಾಗಾದರೆ ಚಿಕ್ಕ 125 ಸಿಸಿಯ ಟೂ ಸ್ಟ್ರೋಕ್ ಪಂದ್ಯದ ಬಂಡಿ ಸಾಕೆಂದು ಕೆಲವರು ವಾದಿಸುತ್ತಾರೆ. ಸಿಸಿ ಕಡಿಮೆಯೆಂದ ಮಾತ್ರಕ್ಕೆ ಅದು ಸಾಧುವೆಂದು ತಿಳಿಯಬಾರದು. ಅದರ ಎಂಜಿನ್ ಕೆಳಗಿನ ಸುತ್ತುಗಳಲ್ಲಿ ನಿದ್ರಿಸುತ್ತಿರುತ್ತದೆ, ಮೇಲಿನ ಸುತ್ತುಗಳಿಗೆ ಏರಿದೊಡನೆ ಒಮ್ಮೆಗೇ ಮೈಮೇಲೆ ಬಂದಂತೆ ಎದ್ದು ಹಾರುತ್ತದೆ. ಹೊಸಬನಿಗೆ ಬೇಕಾದುದು ಇದಕ್ಕೆ ತದ್ವಿರುದ್ಧವಾದ ಗುಣ. ಕುಂಬಾರನ ತಿಗರಿಯನ್ನು ನೋಡಿದ್ದೀರಿ. ಭಾರವಾಗಿರುವುದರಿಂದಲೇ ಅದು ಕೈಯ ಒತ್ತಡಕ್ಕೆ ತಟ್ಟನೆ ನಿಲ್ಲದೆ ಸಮನಾಗಿ ತಿರುಗುತ್ತದೆ. ಟ್ರೇಲ್ ಬಂಡಿಗಳ ಎಂಜಿನ್ನಿನೊಳಗೆ ಅಂಥದೇ ಒಂದು ಭಾರದ ಫ್ಲೈವೀಲ್ ಇರುತ್ತದೆ. ಏರಿನಲ್ಲಿ, ಕಲ್ಲಿನ ನಡುವೆ, ನಡಿಗೆಯ ವೇಗದಲ್ಲಿ ಹೋಗುವಾಗ ಸವಾರ ಸ್ವಲ್ಪ ತಪ್ಪಿದರೂ ಅದು ಎಂಜಿನ್ನನ್ನು ಆರಗೊಡುವುದಿಲ್ಲ. ಹೊಸಬರು ಬೀಳುವುದು ಬಹುಮಟ್ಟಿಗೆ ವೇಗದಲ್ಲಲ್ಲ, ಹೀಗೆ ನಿಧಾನವಾಗಿ ಹೋಗುವಾಗ ಎಂಜಿನ್ ಆರಿ, ಕಾಲು ನೆಲಕ್ಕೆ ಸಿಗದೆ.

ಕಾಲು ನೆಲಕ್ಕೆ ಸಿಗದೆ ಎಂದೆನಲ್ಲ, ಎತ್ತರದ ವಿಷಯ ಇಲ್ಲಿ ಬರುತ್ತದೆ. ಪೂರ್ಣಗಾತ್ರದ ಮೋಟೋಕ್ರಾಸ್ ಬಂಡಿಯ ಸೀಟು ನೆಲದಿಂದ ಸುಮಾರು 950 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಎಕ್ಸ್‌ಪಲ್ಸ್ 200ರದು ಸುಮಾರು 825, ಸ್ಪ್ಲೆಂಡರಿನದು 785. ಐದೂವರೆ ಅಡಿಯ ನಮ್ಮ ಹುಡುಗನೊಬ್ಬ 950ರ ಮೇಲೆ ಕುಳಿತರೆ ಒಂದು ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿದರೆ ಪುಣ್ಯ. ಎರಡೂ ಪಾದ ಪೂರ್ತಿ ಊರಲೇಬೇಕೆಂದಿಲ್ಲ. ಮಣ್ಣಿನ ಬಂಡಿಗೆ ಎತ್ತರ ಬೇಕೇ ಬೇಕು. ಕೊನೆಯ ಪಕ್ಷ ಎರಡೂ ಪಾದಗಳ ಮುಂಗಾಲಾದರೂ, ಇಲ್ಲವೆ ಸ್ವಲ್ಪ ಪಕ್ಕಕ್ಕೆ ಸರಿದರೆ ಒಂದು ಪಾದವಾದರೂ ಗಟ್ಟಿಯಾಗಿ ನೆಲ ಹಿಡಿಯಬೇಕು. ಕುಳಿತು ನೋಡಿದಂತೆಯೇ ನಿಂತೂ ನೋಡಬೇಕು. ಮಣ್ಣಿನಲ್ಲಿ ಸವಾರ ಅರ್ಧ ಹೊತ್ತು ಫುಟ್‌ರೆಸ್ಟಿನ ಮೇಲೆ ನಿಂತೇ ಇರುತ್ತಾನೆ. ಹಾಗೆ ನಿಂತಾಗ ಬೆನ್ನು ಗೂನಾಗದೆ ಹ್ಯಾಂಡಲ್ ಕೈಗೆ ಸಿಗುತ್ತದೆಯೇ, ಮಂಡಿಗಳ ನಡುವೆ ಟ್ಯಾಂಕು ಒಗ್ಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಅಂಗಡಿಯವರು ನಗಬಹುದು, ನಗಲಿ.

ಇನ್ನೊಂದು ಪರೀಕ್ಷೆಗೆ ಅವರು ಒಪ್ಪುವುದು ಕಷ್ಟ. ಆದರೆ ಗೆಳೆಯರ ಬಂಡಿಯಲ್ಲಾದರೂ ಮಾಡಿ ನೋಡಬೇಕು. ಬಂಡಿಯನ್ನು ಮೆತ್ತನೆಯ ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿಸಿ, ಯಾರ ನೆರವೂ ಇಲ್ಲದೆ ಎತ್ತಿ ನಿಲ್ಲಿಸಿ. ಒಂದು ಸಲವಲ್ಲ, ನಡುನಡುವೆ ಎರಡು ನಿಮಿಷ ಬಿಟ್ಟು ಐದು ಸಲ. ಮಣ್ಣಿನ ಸವಾರಿ ಕಲಿಯುವ ಮೊದಲ ದಿನದಲ್ಲಿ ಅಷ್ಟು ಸಲ ಬೀಳುವುದು ಅತಿಶಯವಲ್ಲ. ಬಿದ್ದ ಬಂಡಿಯನ್ನು ಎತ್ತಲಾರದೆ ದಣಿದವನು ಆರನೆಯ ಸಲ ಬೀಳುವಾಗ ಕೈಕಾಲನ್ನು ಎಲ್ಲಿಡಬೇಕೆಂಬ ಎಚ್ಚರವನ್ನೇ ಕಳೆದುಕೊಂಡಿರುತ್ತಾನೆ. ಮೂಳೆ ಮುರಿಯುವುದು ಆಗ. ಆದ್ದರಿಂದ ನನ್ನ ಮಟ್ಟಿಗೆ ಹೊಸಬನ ಬಂಡಿಯ ಮೊದಲ ಲಕ್ಷಣ, ತಾನೇ ಎತ್ತಬಲ್ಲಷ್ಟು ತೂಕ. ಸಿಸಿ, ಬಣ್ಣ, ಬೆಲೆಗಳೆಲ್ಲ ಆಮೇಲೆ. ವಿದೇಶಗಳಲ್ಲಿ ಹೊಸಬರಿಗೆಂದೇ ಮಾಡುವ 110, 125 ಸಿಸಿಯ ಟ್ರೇಲ್ ಬಂಡಿಗಳು 75ರಿಂದ 90 ಕಿಲೋ ತೂಗುತ್ತವೆ. ನಮ್ಮಲ್ಲಿ ಅಂಥವು ಅಪರೂಪ, ದುಬಾರಿ. ಎಕ್ಸ್‌ಪಲ್ಸ್ 200 ಸುಮಾರು 155 ಕಿಲೋ ತೂಗುತ್ತದೆ. ಇದು ಮಣ್ಣಿನ ಬಂಡಿಗೆ ಹೆಚ್ಚೇ ಸರಿ. ಅದರ ಕಸುವು ಮಾತ್ರ ಹದವಾದದ್ದು, ಬಿಡಿಭಾಗಗಳು ತಾಲೂಕು ಕೇಂದ್ರದಲ್ಲೂ ಸಿಗುವಂಥವು. ಇನ್ನು 200 ಕಿಲೋ ಮುಟ್ಟುವ ದೊಡ್ಡ ಪ್ರವಾಸದ ಬಂಡಿಗಳಿವೆ. ಲಡಾಕಿನ ಚಿತ್ರಗಳನ್ನು ನೋಡಿ ಅವನ್ನು ಕೊಂಡು, ಸಕಲೇಶಪುರದ ಕೆಸರಿನಲ್ಲಿ ಮಲಗಿಸಿ ಕೂಲಿಯಾಳುಗಳನ್ನು ಕೂಗುವವರ ವಿಷಯ ನಾನು ಹೇಳಲೊಲ್ಲೆ.

ಪಂದ್ಯದ ಬಂಡಿಯ ಬಗ್ಗೆ ಇನ್ನೊಂದು ಮಾತು, ಇದು ಮನೆಯ ಲೆಕ್ಕ ನೋಡುವವರಿಗೆ. ರಸ್ತೆಯ ಬಂಡಿಯ ಆಯುಸ್ಸನ್ನು ಕಿಲೋಮೀಟರಿನಲ್ಲಿ ಎಣಿಸಿದರೆ ಪಂದ್ಯದ ಬಂಡಿಯ ಆಯುಸ್ಸನ್ನು ಗಂಟೆಗಳಲ್ಲಿ ಎಣಿಸುತ್ತಾರೆ. ಅದಕ್ಕಾಗಿಯೇ ಒಂದು ಪುಟ್ಟ ಗಡಿಯಾರವನ್ನು ಕೂರಿಸಿರುತ್ತಾರೆ. ಐದೋ ಹತ್ತೋ ಗಂಟೆ ಓಡಿದ ಕೂಡಲೇ ಎಂಜಿನ್ ಎಣ್ಣೆ ಬದಲಾಗಬೇಕು; ಪಂದ್ಯದ ಬಳಕೆಯಲ್ಲಿ ಕೆಲವು ಹತ್ತು ಗಂಟೆಗಳಿಗೊಮ್ಮೆ ಪಿಸ್ಟನ್ ಮತ್ತು ರಿಂಗುಗಳೇ ಹೊಸದಾಗಬೇಕು. ಇಷ್ಟು ಆರೈಕೆ ಬೇಡುವ ಯಂತ್ರವನ್ನು ಭಾನುವಾರದ ಸವಾರನಿಗೆ ಕೊಡುವುದು, ಕಚೇರಿ ಗಾಯಕರ ತಂಬೂರಿಯನ್ನು ಸರಳೆ ವರಸೆ ಕಲಿಯುವ ಮಗುವಿನ ಕೈಗೆ ಕೊಟ್ಟಂತೆ. ಮೇಲಾಗಿ ಅದನ್ನು ಮನೆಯಿಂದ ಅಂಕಣಕ್ಕೆ ಓಡಿಸಿಕೊಂಡು ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವಂತೆಯೇ ಇಲ್ಲವಾದ್ದರಿಂದ, ಪ್ರತಿ ಸಲವೂ ಒಂದು ಗೂಡ್ಸ್ ಆಟೋ ಹುಡುಕಬೇಕು.

ಸವಾರಿ ಕಲಿಸುವ ಶಾಲೆಗಳೂ ಈಗ ಇವೆ. 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯರಾಗಿ ಅದನ್ನು 36ನೆಯ ಸ್ಥಾನದಲ್ಲಿ ಮುಗಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಕೋಲಾರದ ಕಡೆ ಬಿಗ್‌ರಾಕ್ ಎಂಬ ಮಣ್ಣಿನ ಅಂಕಣವನ್ನು ಕಟ್ಟಿದ್ದಾರೆ. ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎನ್ನುವವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರು 2019ರಲ್ಲಿ ಮರಳುಗಾಡಿನ ಬಾಹಾ ಪಂದ್ಯಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದುದನ್ನು ನೆನೆಯಬೇಕು. ಅದೇ ಸಂತೋಷ್ ಅವರು 2021ರ ಡಕಾರಿನಲ್ಲಿ ಬಿದ್ದು ತಲೆಗೆ ತೀವ್ರವಾದ ಪೆಟ್ಟಾಗಿ, ದೀರ್ಘ ಚಿಕಿತ್ಸೆಯಿಂದ ಗುಣಹೊಂದಿದರು. ಜಗತ್ತಿನ ಶ್ರೇಷ್ಠ ರಕ್ಷಣಾ ಕವಚ ತೊಟ್ಟ ನುರಿತವರಿಗೂ ನೆಲ ಗಟ್ಟಿಯಾಗಿಯೇ ಇರುತ್ತದೆ. ಆದಕಾರಣ ಬಂಡಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲೇ ಬೇರೆ ಇಟ್ಟು ಹೆಲ್ಮೆಟ್, ಕನ್ನಡಕ, ಎದೆ-ಬೆನ್ನಿನ ಕವಚ, ಮಂಡಿಯ ಕವಚ, ಮತ್ತು ಮುಖ್ಯವಾಗಿ ಮೊಣಕಾಲಿನವರೆಗೆ ಬರುವ ಗಟ್ಟಿ ಬೂಟುಗಳನ್ನು ಕೊಳ್ಳಬೇಕು. ಬೂಟನ್ನು ಮುಖ್ಯವೆನ್ನಲು ಕಾರಣವಿದೆ. ಬಂಡಿ ಪಕ್ಕಕ್ಕೆ ಬಿದ್ದಾಗ ಅಡಿಯಲ್ಲಿ ಸಿಕ್ಕಿಕೊಳ್ಳುವುದು ಪಾದ ಮತ್ತು ಹರಡು. ಕ್ಯಾನ್ವಾಸ್ ಶೂ ತೊಟ್ಟು ಮಣ್ಣಿಗಿಳಿದವನನ್ನು ಹಿಂದಕ್ಕೆ ಕಳುಹಿಸುವುದೇ ಸರಿ.

ಇನ್ನು ಬಾಳಿಸುವ ವಿಷಯ. ಇದರಲ್ಲಿ ಮೊದಲ ಸ್ಥಾನ ಏರ್ ಫಿಲ್ಟರಿನದು. ಉಳಿದುವೆಲ್ಲ ಅದರ ಹಿಂದೆ. ಎಂಜಿನ್ ಎಂದರೆ ಉಸಿರಾಡುವ ಯಂತ್ರ. ಮನುಷ್ಯ ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತಾನೆ. 200 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ ಪೂರ್ಣ ಉಸಿರು ಎಳೆಯುತ್ತಿದ್ದರೆ ಅದು ನುಂಗುವ ಗಾಳಿ ಸುಮಾರು 600 ಲೀಟರ್. ಆ ಗಾಳಿ ಎಲ್ಲಿಯದು? ಮುಂದೆ ಹೋಗುತ್ತಿರುವ ಗೆಳೆಯನ ಚಕ್ರ ಎಬ್ಬಿಸಿದ ಕೆಂಧೂಳಿನ ಮೋಡದ್ದು. ನಮ್ಮ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿವೆ. ಬೆಣಚುಕಲ್ಲು ಚಾಕುವಿನ ಉಕ್ಕನ್ನು ಗೀರುವಷ್ಟು ಗಡುಸು. ಫಿಲ್ಟರನ್ನು ದಾಟಿ ಒಳಹೊಕ್ಕ ಆ ಕಣ ಸಿಲಿಂಡರಿನ ಗೋಡೆಯ ಮೇಲಿರುವ ಎಣ್ಣೆಯ ಜೊತೆ ಬೆರೆತು ಸಾಣೆ ಹಿಡಿಯುವ ಲೇಪದಂತಾಗುತ್ತದೆ. ಪಿಸ್ಟನ್ನಿನ ಪ್ರತಿ ಓಡಾಟದಲ್ಲೂ ರಿಂಗು ಸವೆಯುತ್ತದೆ. ಸದ್ದಿಲ್ಲ, ಲಕ್ಷಣವಿಲ್ಲ. ಒಂದು ದಿನ ಬಂಡಿ ಹೊಗೆಯುಗುಳತೊಡಗಿ, ಕಸುವು ಕುಂದಿ, ಮೆಕ್ಯಾನಿಕ್ ತಲೆಯಲ್ಲಾಡಿಸುತ್ತಾನೆ. ಹೀಗೆ ಕೆಟ್ಟ ಎಂಜಿನ್ನುಗಳಿಗೆಲ್ಲ ಕಂಪನಿಯನ್ನು ಬೈಯುವುದು ಅನ್ಯಾಯ.

ಮಣ್ಣಿನ ಬಂಡಿಗಳ ಫಿಲ್ಟರ್ ಸ್ಪಂಜಿನದು, ಅಂಟು ಎಣ್ಣೆಯಲ್ಲಿ ಅದ್ದಿದ್ದು. ಧೂಳನ್ನು ಹಿಡಿಯುವುದು ಸ್ಪಂಜಿಗಿಂತ ಹೆಚ್ಚಾಗಿ ಆ ಎಣ್ಣೆ. ಧೂಳಿನ ದಿನವಾದರೆ ಪ್ರತಿ ಸವಾರಿಯ ನಂತರವೂ ಇದನ್ನು ತೆಗೆದು ತೊಳೆಯಬೇಕು. ತೆಗೆಯುವಾಗ ಮೇಲಿನ ಧೂಳು ಒಳಗಿನ ಕೊಳವೆಗೆ ಉದುರದಂತೆ ಎಚ್ಚರವಿರಲಿ. ತೆಗೆದೊಡನೆ ಕೊಳವೆಯ ಬಾಯಿಗೆ ಶುದ್ಧವಾದ ಬಟ್ಟೆ ತುರುಕಬೇಕು. ಸೀಮೆಎಣ್ಣೆಯಲ್ಲೋ ಅದಕ್ಕೆಂದೇ ಸಿಗುವ ದ್ರವದಲ್ಲೋ ಮೊದಲು ಅದ್ದಿ ಹಳೆಯ ಎಣ್ಣೆಯನ್ನು ಬಿಡಿಸಬೇಕು. ಪೆಟ್ರೋಲ್ ಬೇಡ. ಅದು ಸ್ಪಂಜಿನ ಬೆಸುಗೆಯ ಅಂಟನ್ನು ತಿನ್ನುತ್ತದೆ, ಬೆಂಕಿಯ ಅಪಾಯವಂತೂ ಇದ್ದೇ ಇದೆ. ಆಮೇಲೆ ಸೋಪಿನ ನೀರು, ಆಮೇಲೆ ಬರಿಯ ನೀರು. ಉಣ್ಣೆಯ ಸ್ವೆಟರನ್ನು ಹೇಗೆ ಹಿಂಡುತ್ತೇವೋ ಹಾಗೆ ಅಂಗೈಗಳ ನಡುವೆ ಒತ್ತಿ ಹಿಂಡಬೇಕೇ ಹೊರತು ಕಂಬಳಿಯಂತೆ ತಿರುಚಬಾರದು. ತಿರುಚಿದರೆ ಸ್ಪಂಜು ಕಣ್ಣಿಗೆ ಕಾಣದಂತೆ ಹರಿಯುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆಯನ್ನು ಹೊಯ್ದು, ಚಪಾತಿ ಹಿಟ್ಟನ್ನು ನಾದಿದಂತೆ ನಾದಿ, ಎಲ್ಲ ಕಡೆಗೂ ಒಂದೇ ಬಣ್ಣ ಬರುವಂತೆ ಹರಡಬೇಕು. ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರೆ ಕೆಲಸ ಮುಗಿಯಿತು. ಎರಡು ಫಿಲ್ಟರುಗಳನ್ನು ಇಟ್ಟುಕೊಂಡವರಿಗೆ ಒಣಗುವವರೆಗೆ ಕಾಯುವ ತೊಂದರೆಯಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು: ರಸ್ತೆಗೂ ಸಲ್ಲುವ ಬಂಡಿಗಳಲ್ಲಿ ಹಲವಕ್ಕೆ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ತೊಳೆದವರು ಅದನ್ನು ಕೊಂದಂತೆಯೇ. ಪುಸ್ತಕದಲ್ಲಿ ಹೇಳಿದ ಅವಧಿಯನ್ನು ಅರ್ಧಕ್ಕೆ ಇಳಿಸಿ ಹೊಸದನ್ನೇ ಹಾಕಬೇಕು.

ಎಂಜಿನ್ ಎಣ್ಣೆ ಈ ಬಂಡಿಗಳಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು. ಕೊಳೆಯನ್ನು ಹೊತ್ತುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆಯಾದ್ದರಿಂದ ಬೇಗಬೇಗ ಬದಲಾಯಿಸಬೇಕು. ಹೊಳೆ ದಾಟಿದ ಮರುದಿನ ಎಣ್ಣೆಯ ಬಣ್ಣವನ್ನು ನೋಡುವುದು ಒಳ್ಳೆಯ ಅಭ್ಯಾಸ. ಕರಿಯದಾಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಅಂಥ ಬಂಡಿಯನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಬಳಿಗೆ ತಳ್ಳಿಕೊಂಡು ಹೋಗಬೇಕು. ಟೂ ಸ್ಟ್ರೋಕ್ ಬಂಡಿಯವರಿಗೆ ಇನ್ನೊಂದು ಹೊಣೆಯಿದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ 32ಕ್ಕೆ 1 ಎಂದಿದ್ದರೆ ಲೀಟರಿಗೆ 31 ಮಿಲಿಲೀಟರ್, 40ಕ್ಕೆ 1 ಎಂದಿದ್ದರೆ 25. ಹಿಂದೆ ಬಂಕಿನಲ್ಲಿ ಮಾಡುತ್ತಿದ್ದಂತೆ ಕಣ್ಣಳತೆಯಿಂದ ಸುರಿಯದೆ, ಔಷಧಿಯ ಅಳತೆಲೋಟದಲ್ಲಿ ಅಳೆದು ಬೆರೆಸಬೇಕು. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ತಿಂಗಳು ಬಂಡಿಯನ್ನು ಮೂಲೆಯಲ್ಲಿ ನಿಲ್ಲಿಸುವವರು ಕಾರ್ಬ್ಯುರೇಟರ್ ಇದ್ದರೆ ಅದರ ತಳದ ಬಟ್ಟಲಿನ ಪೆಟ್ರೋಲನ್ನು ಇಳಿಸಿಯೇ ನಿಲ್ಲಿಸಬೇಕು.

ಚೈನಿನ ವಿಷಯದಲ್ಲಿ ರಸ್ತೆಯ ಬಂಡಿಯ ಅಭ್ಯಾಸ ಇಲ್ಲಿ ಹಾನಿಕರ. ಚೈನು ಸಡಿಲವಾಗಿ ಜೋತುಬಿದ್ದಿರುವುದನ್ನು ನೋಡಿ ಹಲವರು ಬಿಗಿಮಾಡುತ್ತಾರೆ. ಹಿಂದಿನ ಚಕ್ರವನ್ನು ಹೊತ್ತ ತೋಳು ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿತವೂ ಬದಲಾಗುತ್ತದೆ. ಮುಂದಿನ ಹಲ್ಲುಚಕ್ರ, ತೋಳಿನ ತಿರುಗಣೆ, ಹಿಂದಿನ ಚಕ್ರದ ಅಚ್ಚು, ಈ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಅದು ಅತ್ಯಂತ ಬಿಗಿ. ಮಣ್ಣಿನ ಬಂಡಿಯ ತೋಳು ತುಂಬ ದೂರ ಆಡುವುದರಿಂದ, ನಿಂತಾಗ ಸಡಿಲವಾಗಿ ಕಾಣುವ ಚೈನೇ ಓಡುವಾಗ ಸರಿಯಾಗಿರುತ್ತದೆ. ನಿಂತಾಗಲೇ ಬಿಗಿಯಾಗಿದ್ದರೆ ಹಾರಿ ಇಳಿದ ಕ್ಷಣ ಚೈನು ತುಂಡಾಗಬಹುದು, ಇಲ್ಲವೆ ಎಂಜಿನ್ನಿನ ಬೇರಿಂಗ್ ನಲುಗಬಹುದು. ಎಷ್ಟು ಸಡಿಲವೆಂಬ ಅಳತೆ ಆಯಾ ಬಂಡಿಯ ಪುಸ್ತಕದಲ್ಲೇ ಇರುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳು ಗಿಳಿಯ ಕೊಕ್ಕಿನಂತೆ ಬಾಗಿದ್ದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಾಯಿಸಬೇಕು. ಹಳೆಯ ಹಲ್ಲಿಗೆ ಹೊಸ ಚೈನು ಹಾಕುವುದು ದುಡ್ಡನ್ನು ನೀರಿಗೆಸೆದಂತೆ.

ಚಕ್ರದ ಕಡ್ಡಿಗಳನ್ನು ನೋಡುವ ಕೆಲಸ ನನಗೆ ಬಹಳ ಪ್ರಿಯವಾದದ್ದು. ಹೊಸ ಬಂಡಿಯ ಮೊದಲ ಕೆಲವು ಸವಾರಿಗಳಲ್ಲಿ ಕಡ್ಡಿಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತು ಸಡಿಲವಾಗುತ್ತವೆ. ಚಕ್ರವನ್ನು ನೆಲದಿಂದ ಮೇಲೆತ್ತಿ, ನಿಧಾನವಾಗಿ ತಿರುಗಿಸುತ್ತ, ಒಂದು ಸಣ್ಣ ಸ್ಪ್ಯಾನರಿನಿಂದ ಪ್ರತಿಯೊಂದನ್ನೂ ತಟ್ಟುತ್ತ ಹೋಗಬೇಕು. ಬಿಗಿಯಾದ ಕಡ್ಡಿ ನಾದ ಕೊಡುತ್ತದೆ, ಸಡಿಲವಾದದ್ದು ಒಡೆದ ಮಡಕೆಯಂತೆ ಬೊದ್ದೆನ್ನುತ್ತದೆ. ವೀಣೆಯ ಶ್ರುತಿಯನ್ನು ಗುರುತಿಸಬಲ್ಲ ಕಿವಿಗೆ ಇದಕ್ಕಿಂತ ಸುಲಭವಾದ ಕೆಲಸವಿಲ್ಲ. ಬೊದ್ದೆಂದದ್ದನ್ನು ಕಾಲು ಸುತ್ತಿನಷ್ಟು ಮಾತ್ರ ಬಿಗಿಮಾಡಿ ಮುಂದೆ ಹೋಗಬೇಕು. ಒಂದನ್ನೇ ಹಿಡಿದು ನಾದ ಬರುವವರೆಗೆ ತಿರುಗಿಸಿದರೆ ಚಕ್ರವೇ ಸೊಟ್ಟಗಾಗುತ್ತದೆ. ಟೈರಿನ ಗಾಳಿಯೂ ಮಣ್ಣಿಗೆ ಬೇರೆ. ರಸ್ತೆಯಲ್ಲಿ 25 ಪೌಂಡಿನ ಮೇಲಿರುವ ಒತ್ತಡವನ್ನು ಹಗುರವಾದ ಬಂಡಿಯಲ್ಲಿ 12ರಿಂದ 15ಕ್ಕೆ ಇಳಿಸಿದರೆ ಟೈರು ಅಂಗೈಯಂತೆ ಹರಡಿ ನೆಲವನ್ನು ಹಿಡಿಯುತ್ತದೆ. ಭಾರದ ಬಂಡಿಯಲ್ಲಿ, ಕಲ್ಲಿನ ದಾರಿಯಲ್ಲಿ ಅಷ್ಟು ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿದೀತು. ಮತ್ತೆ ಡಾಂಬರಿಗೆ ಬರುವ ಮುನ್ನ ಗಾಳಿ ತುಂಬಿಸಲೇಬೇಕು.

ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಬಂಡಿ ಮಾಡುವವರು ಯಾವುದೋ ಒಂದು ಸರಾಸರಿ ತೂಕದ ಸವಾರನಿಗಾಗಿ ಮಾಡಿರುತ್ತಾರೆ. 55 ಕಿಲೋ ತೂಗುವ ನಮ್ಮ ಹುಡುಗಿಗೂ 90 ಕಿಲೋದ ಪೈಲ್ವಾನನಿಗೂ ಅದು ಒಂದೇ ರೀತಿ ಒಗ್ಗಲಾರದು. ಎಲ್ಲ ಕವಚಗಳನ್ನೂ ತೊಟ್ಟು ಸವಾರಿಯ ಭಂಗಿಯಲ್ಲಿ ಕುಳಿತಾಗ ಹಿಂಭಾಗ ತನ್ನ ಒಟ್ಟು ಆಟದ ಮೂರನೆಯ ಒಂದರಷ್ಟು ಕುಸಿಯಬೇಕೆಂಬುದು ಸ್ಥೂಲವಾದ ನಿಯಮ. ಪೂರ್ಣಗಾತ್ರದ ಪಂದ್ಯದ ಬಂಡಿಯಲ್ಲಿ ಅದು ಸುಮಾರು 100 ಮಿಲಿಮೀಟರ್. ಒಬ್ಬರು ಕುಳಿತು ಇನ್ನೊಬ್ಬರು ಟೇಪು ಹಿಡಿದರೆ ಹತ್ತು ನಿಮಿಷದ ಕೆಲಸ.

ತೊಳೆಯುವುದರ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ನಮ್ಮ ಊರುಗಳ ವಾಟರ್ ಸರ್ವೀಸಿನವರು ಪ್ರಚಂಡ ಒತ್ತಡದ ನೀರನ್ನು ಹೊಡೆದು, ಕೊನೆಗೆ ಡೀಸೆಲ್ ಸಿಂಪಡಿಸಿ ಥಳಥಳ ಹೊಳೆಯಿಸಿ ಕೊಡುತ್ತಾರೆ. ಮಣ್ಣಿನ ಬಂಡಿಗೆ ಎರಡೂ ವಿಷ. ಆ ನೀರು ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗ್, ಹಿಂದಿನ ತೋಳಿನ ಸಂದುಗಳಿಗೆ ನುಗ್ಗಿ ಗ್ರೀಸನ್ನು ಓಡಿಸಿ ತುಕ್ಕನ್ನು ಕರೆತರುತ್ತದೆ. ಡೀಸೆಲ್ ರಬ್ಬರನ್ನು ಕೆಡಿಸುತ್ತದೆ. ಬ್ರೇಕಿನ ತಟ್ಟೆಗೆ ತಾಗಿದರಂತೂ ಮುಂದಿನ ಇಳಿಜಾರಿನಲ್ಲಿ ಬ್ರೇಕೇ ಇರುವುದಿಲ್ಲ. ಎಂಜಿನ್ ಆರಿದ ಮೇಲೆ, ಸೈಲೆನ್ಸರಿನ ಬಾಯಿಯನ್ನೂ ಗಾಳಿಯ ಪೆಟ್ಟಿಗೆಯನ್ನೂ ಮುಚ್ಚಿ, ಬಕೆಟ್ಟು, ಸೋಪಿನ ನೀರು, ಹಳೆಯ ಬ್ರಷ್ಷು ಇವಿಷ್ಟರಿಂದ ಮನೆಯಲ್ಲೇ ತೊಳೆಯುವುದು ಲೇಸು. ಹಾಗೆ ಕೈಯಾಡಿಸುವಾಗಲೇ ಸಡಿಲವಾದ ಬೋಲ್ಟು, ಬಿರುಕುಬಿಟ್ಟ ಫ್ರೇಮು, ಫೋರ್ಕಿನಿಂದ ಒಸರುತ್ತಿರುವ ಎಣ್ಣೆ ಕಣ್ಣಿಗೆ ಬೀಳುತ್ತವೆ. ಕ್ಲಚ್ಚು ಬ್ರೇಕುಗಳ ಲಿವರ್ ಹಿಡಿದಿರುವ ಪಟ್ಟಿಗಳನ್ನು ಮಾತ್ರ ಅತಿಯಾಗಿ ಬಿಗಿಮಾಡಬಾರದು. ಬಿದ್ದಾಗ ಅವು ಸ್ವಲ್ಪ ತಿರುಗಿಕೊಂಡರೆ ಲಿವರ್ ಉಳಿಯುತ್ತದೆ.

ಎಲ್ಲಿ ಓಡಿಸಬೇಕೆಂಬುದು ಸವಾರನ ವಿವೇಕಕ್ಕೆ ಬಿಟ್ಟದ್ದೆಂದು ಹೇಳಿ ಜಾರಿಕೊಳ್ಳುವಂತಿಲ್ಲ. ಪಶ್ಚಿಮಘಟ್ಟದ ಹುಲ್ಲುಬೋಳುಗಳ ಮೇಲೆ ಒಂದು ಚಕ್ರ ಕೊರೆದ ಗೀಟು ಮುಂದಿನ ಮುಂಗಾರಿಗೆ ನೀರಿನ ಹಾದಿಯಾಗಿ, ಅದರ ಮುಂದಿನದಕ್ಕೆ ಕೊರಕಲಾಗುತ್ತದೆ. ಅಲ್ಲಿಯ ಮಣ್ಣಿನ ಪದರ ತೆಳು. ಹೋದದ್ದು ಮರಳಿ ಬರುವುದಿಲ್ಲ. ರಕ್ಷಿತ ಅರಣ್ಯಕ್ಕೆ ಅಪ್ಪಣೆಯಿಲ್ಲದೆ ನುಗ್ಗುವುದು ಅಪರಾಧವೂ ಹೌದು. ಒಣಗಿದ ಕೆರೆಯಂಗಳವಾದರೂ ಅದು ಯಾರದೋ ದನಗಳ ಮೇವಿನ ಜಾಗ. ಊರವರನ್ನು ಕೇಳಿ, ಮೆಲ್ಲಗೆ ಹೋಗಿ, ಹಸು ಕಂಡರೆ ಎಂಜಿನ್ ನಿಲ್ಲಿಸುವವನಿಗೆ ಮುಂದಿನ ವಾರವೂ ಅಲ್ಲಿ ಜಾಗವಿರುತ್ತದೆ.

ಹೊಸದಕ್ಕೆ ಹಣ ಸಾಲದೆ ಹಳೆಯದನ್ನು ಕೊಳ್ಳುವವರೇ ಹೆಚ್ಚು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೇಗೂ ಬೀಳಿಸುವ ಬಂಡಿ, ಮೊದಲೇ ಯಾರೋ ಬೀಳಿಸಿದ್ದರೆ ಎದೆನೋವು ಕಡಿಮೆ. ಕಾಗದಪತ್ರಗಳಲ್ಲಿರುವ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಬಂಡಿಯ ಮೇಲಿನವುಗಳ ಜೊತೆ ಹೋಲಿಸಿ ನೋಡಿ. ವಿದೇಶದಿಂದ ಬಂದ ಪಂದ್ಯದ ಬಂಡಿಯಾದರೆ ಅದನ್ನು ತರಿಸಿದ ದಾಖಲೆಯನ್ನು ಕೇಳಿ. ನೀವು ಹೋಗುವ ಮೊದಲೇ ಎಂಜಿನ್ನನ್ನು ಬಿಸಿಮಾಡಿ ಇಟ್ಟಿದ್ದರೆ ಅನುಮಾನಪಡಬೇಕು. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆಂಬುದೇ ಮುಖ್ಯ. ಹಿಂದಿನ ಚಕ್ರವನ್ನು ಮೇಲೆತ್ತಿ ಪಕ್ಕಕ್ಕೆ ಅಲ್ಲಾಡಿಸಿದಾಗ ಕಟಕಟವೆಂದರೆ ಬೇರಿಂಗುಗಳು ಹೋಗಿವೆ, ಅಷ್ಟು ಬೆಲೆ ಇಳಿಸಿ ಕೊಳ್ಳಬಹುದು. ಎಲ್ಲ ನೋಡಿ ಮುಗಿದ ಮೇಲೆ, ಮಾಲೀಕನ ಒಪ್ಪಿಗೆ ಪಡೆದು, ಏರ್ ಫಿಲ್ಟರನ್ನು ಬಿಚ್ಚಿಸಿ. ಅದರ ಹಿಂದೆ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಒಂದು ಬಿಳಿಯ ಕರವಸ್ತ್ರವನ್ನು ಬೆರಳಿಗೆ ಸುತ್ತಿ ಆಡಿಸಿ. ಬಟ್ಟೆ ಬೆಳ್ಳಗೇ ಬಂದರೆ ಚೌಕಾಸಿಗೆ ಕುಳಿತುಕೊಳ್ಳಿ. ಕೆಂಪಗೆ ಬಂದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಕಾಫಿ ಕೊಟ್ಟಿದ್ದರೆ ಕುಡಿದು, ನಮಸ್ಕಾರ ಹೇಳಿ ಎದ್ದು ಬನ್ನಿ.